ಜೀಪಿನ ಜಾತಕ

"ನೀಲಿ ಕಾಣಿಸಿದ ತಕ್ಷಣ ನಿಲ್ಲಿಸ್ಬೇಕು" ಎಂದು ಗಿರಿಜಾಂಬಾ ಹೇಳಿದಾಗ ಬಣ್ಣ ಉಜ್ಜಿ ತೆಗೆಯಲು ರೇವಣಸಿದ್ದಯ್ಯ ಎತ್ತಿದ ಎಮರಿ ಪೇಪರ್ ಗಾಳಿಯಲ್ಲೇ ನಿಂತಿತು. ಎದುರಿಗಿದ್ದ ಜೀಪು ಅಚ್ಚ ಕೆಂಪು. ಒಳಗೆ ನೀಲಿ ಇದೆಯೆಂದು ಈಕೆಗೆ ಹೇಗೆ ಗೊತ್ತು?

ಮಾವಳ್ಳಿಯ ಆ ಶೆಡ್ಡಿನಲ್ಲಿ ಇಂಥ ಸಂಗತಿ ಮೊದಲು ಗೊತ್ತಾಗಬೇಕಾದ್ದು ರೇವಣಸಿದ್ದಯ್ಯನಿಗೆ. ಹಳೆಯ ಜೀಪುಗಳ ವಿಷಯದಲ್ಲಿ ಅವನು ತ್ರಿಕಾಲಜ್ಞಾನಿ. ಲಾಲ್‌ಬಾಗಿನ ಆ ಬದಿಯಲ್ಲಿ ಜೀಪೊಂದು ಕೆಮ್ಮಿದರೆ ಈ ಬದಿಯಲ್ಲಿ ಕಾಫಿ ಕುಡಿಯುತ್ತಲೇ, ಅದು ಯಾವ ಯುದ್ಧಕ್ಕೆ ಹೋಗಿತ್ತು, ಆಮೇಲೆ ಯಾವ ಎಸ್ಟೇಟಿನಲ್ಲಿ ಗೊಬ್ಬರ ಹೊತ್ತಿತ್ತು ಎಂದು ಹೇಳಿಬಿಡುತ್ತಿದ್ದ. ತುಕ್ಕು ತಿಂದ ಚಾಸಿ ನಂಬರನ್ನು ನಾಲಗೆಯಿಂದ ನೆಕ್ಕಿ ಓದುತ್ತಾನೆಂಬ ಸುದ್ದಿಯೂ ಇತ್ತು. ಹಬ್ಬಿಸಿದವನು ಅವನೇ.

ಬಾಯಿಗೆ ಬೀಗವಿಲ್ಲದ ಈ ಮನುಷ್ಯ ಪೆನ್ನು ಹಿಡಿದರೆ ಮಾತ್ರ ಬೇರೆಯೇ ಆಗುತ್ತಿದ್ದ. ಪ್ರತಿ ಜೀಪಿಗೂ ಒಂದು ಜಾತಕ ಬರೆದು ಕೊಡುವುದು ಅವನ ಪದ್ಧತಿ. ಎಲ್ಲಿಂದ ಬಂತು, ಯಾವ ಪದರದಲ್ಲಿ ಯಾವ ಬಣ್ಣ, ಯಾರ ಕೈಕೆಲಸ, ಕೆಳಗೆ ಸಹಿ. ಅದರಲ್ಲಿ ಒಂದಕ್ಷರ ಸುಳ್ಳು ಇರುತ್ತಿರಲಿಲ್ಲ. ಹಳೆ ಗಾಡಿಗಳ ಮೇಳದಲ್ಲಿ ತೀರ್ಪುಗಾರರು ಗಾಡಿಗಿಂತ ಮೊದಲು ಆ ಕಾಗದ ಕೇಳುತ್ತಿದ್ದರು.

ಗಿರಿಜಾಂಬಾ ಕೂಡ ಅದನ್ನೇ ಕೇಳಿದರು. ತ್ಯಾಗರಾಜನಗರದವರು, ಅರವತ್ತು ದಾಟಿದವರು.

"ಜಾತಕ ಕೊಡ್ತೀರಲ್ವಾ?"

"ಕೊಡ್ದೆ ಇರ್ತೀನಾ ತಾಯಿ? ಆದ್ರೆ ನೀಲಿಗೇ ಯಾಕ್ ನಿಲ್ಸೋದು? ಅದ್ರಡೀಲಿ ಮಿಲಿಟರಿ ಹಸಿರಿರುತ್ತೆ. ಅಸಲಿ ಅದು. ಅಲ್ಲೀವರೆಗೂ ಹೋದ್ರೆ ಗಾಡಿ ಎದ್ದು ನಿಂತು ಸೆಲ್ಯೂಟ್ ಹೊಡೆಯುತ್ತೆ!"

"ಬೇಡ. ನಾನು ನೋಡಿದ್ದು ನೀಲಿ ಇದ್ದಾಗ. ಯಾರೂ ನಂಬಲ್ಲ. ನಿಂಗೆ ಭ್ರಮೆ ಅಂತಾರೆ, ಮನೆಯವ್ರೂ ಸೇರಿ. ನೀವು ಬರೆದ್ರೆ ನಂಬ್ತಾರೆ."

"ಯಜಮಾನ್ರ ಗಾಡಿನಾ?"

"ಅಲ್ಲ. ಒಂದೇ ಸಲ ನೋಡಿದ್ದು. ಆಮೇಲೆ ಕಣ್ಣಿಂದ ಹೋಗ್ಲೇ ಇಲ್ಲ. ಎಷ್ಟೋ ಕೈ ಬದಲಾಗಿತ್ತು, ಹುಡುಕಿ ಕೊಂಡ್ಕೊಂಡೆ. ನೀವು ಹೇಳೋ ಮದುವೆ ಗಾಡಿ ಕಥೇನ ಬಳೇಪೇಟೇಲಿ ಯಾರೋ ಹೇಳಿದ್ರು. ಅದಕ್ಕೇ ನಿಮ್ಮ ಹತ್ರಾನೇ ತಂದೆ."

ರೇವಣಸಿದ್ದಯ್ಯ ಉಬ್ಬಿದ ರಭಸಕ್ಕೆ ಶೆಡ್ಡಿನ ತಗಡು ಮೇಲೆದ್ದಿತು. ಹಿಂದಿನ ಅಡುಗೆಮನೆ ಕಿಟಕಿಯಲ್ಲಿದ್ದ ಹೆಂಡತಿಗೆ ಕೂಗಿದ. "ಕೇಳಿಸ್ತೇನೇ ಶಿವಕುಮಾರೀ? ಒಂದೇ ನೋಟಕ್ಕೆ ಮನಸ್ಸು ಕೊಟ್ಟಿದಾರೆ! ನೀನು ನನ್ನ ಒಪ್ಪೋಕೆ ಆರು ತಿಂಗಳು ತಗೊಂಡೆ."

"ಗಾಡಿಯಾದ್ರೆ ಬಾಯಿ ಮುಚ್ಕೊಂಡಿರುತ್ತಲ್ಲ," ಎಂದಳು ಶಿವಕುಮಾರಿ.

ಗಿರಿಜಾಂಬಾ ನಗಲಿಲ್ಲ.

ಪ್ರತಿ ಮಂಗಳವಾರ ಬಂದರು. ಜೀಪಿನೊಳಗೆ ಒಮ್ಮೆಯೂ ಕೂರಲಿಲ್ಲ. ಮುಂದಿನ ಎಡ ಮಡ್‌ಗಾರ್ಡಿನ ಬಳಿ ನಿಂತು ಅಂಗೈ ಇಡುತ್ತಿದ್ದರು, ಮಗುವಿನ ಹಣೆ ಮುಟ್ಟಿ ಜ್ವರ ನೋಡುವವರಂತೆ. ಎರಡನೇ ವಾರ ಕೆಂಪು ಹೋಗಿ ಬಿಳಿ ಬಂತು. ನಾಲ್ಕನೇ ವಾರ ಬಿಳಿಯ ಕೆಳಗಿಂದ ನೀಲಿ ಇಣುಕಿತು. ಗಿರಿಜಾಂಬಾ ಅಲ್ಲೇ ಇದ್ದ ಆಯಿಲ್ ಡ್ರಮ್ಮಿನ ಮೇಲೆ ಕುಸಿದು ಕೂತರು. ಸಂತೋಷ ಹೆಚ್ಚಾಯಿತೆಂದುಕೊಂಡು ರೇವಣಸಿದ್ದಯ್ಯ ನೀರು ತಂದುಕೊಟ್ಟ.

ಆಮೇಲೆ ಮಡ್‌ಗಾರ್ಡಿಗೆ ಕೈ ಹಾಕಿದ. ಅಲ್ಲಿ ನೀಲಿಯ ಮೇಲೆ ದಪ್ಪ ಪುಟ್ಟಿ ಮೆತ್ತಿ ತಗ್ಗು ತುಂಬಿದ್ದರು. ಪುಟ್ಟಿ ಕೈಬರಹದ ಹಾಗೆ, ನೋಡಿದರೆ ಯಾರದೆಂದು ಹೇಳಬಹುದು ಎಂದು ಭಾಷಣ ಶುರುಮಾಡಿದವನು ನಡುವೆಯೇ ಚೀರಿದ. ಪುಟ್ಟಿಯೊಳಗಿಂದ ಗೋಣಿನಾರು ಎದ್ದು ಬರುತ್ತಿತ್ತು. ಬಿರುಕು ಬಿಡದಿರಲೆಂದು ಪುಟ್ಟಿಗೆ ಗೋಣಿನಾರು ಕಲಸುವವನು ಭೂಮಂಡಲದಲ್ಲಿ ಒಬ್ಬನೇ.

"ನಂದೇ ಕೈ! ಶಿವಕುಮಾರೀ, ಓಡ್ಬಾ! ನನ್ನ ಮದುವೆ ಗಾಡಿ ವಾಪಸ್ ಬಂದಿದೆ!"

ಆ ಕಥೆ ಕೇಳದ ಕಿವಿ ಜೆ.ಸಿ. ರಸ್ತೆಯಲ್ಲಿ ಉಳಿದಿರಲಿಲ್ಲ. ಒಂದು ಬೆಳಿಗ್ಗೆ ನೀಲಿ ಜೀಪು ಬಂತು. ಸಂಜೆಯ ಆರತಕ್ಷತೆಗೆ ಬಿಳಿಯಾಗಬೇಕು ಎಂದರು. ಮೂರೇ ಗಂಟೆಯಲ್ಲಿ ಎಂಥ ಬಿಳಿ ಹೊಡೆದನೆಂದರೆ, ಗಾಡಿ ತನ್ನ ನೆರಳನ್ನೇ ಗುರುತಿಸದೆ ಬೆಚ್ಚಿಬಿತ್ತು.

"ಹೋದ ವರ್ಷ ಐದು ಗಂಟೆ ಅಂತಿದ್ರಿ," ಶಿವಕುಮಾರಿ ಕುಟುಕಿದಳು.

"ನಿಜವಾಗ್ಲೂ ಎಷ್ಟು ಗಂಟೆ?" ಗಿರಿಜಾಂಬಾ ಕೇಳಿದರು. ಧ್ವನಿ ತೀರಾ ಮೆತ್ತಗಿತ್ತು. "ಜಾತಕದಲ್ಲಿ ಬರೀಬೇಕಲ್ಲ."

ಜಾತಕ ಎಂದ ಕೂಡಲೇ ರೇವಣಸಿದ್ದಯ್ಯ ಕೈ ತೊಳೆದು, ಕನ್ನಡಕ ಹಾಕಿ ಕೂತ. ಇಸವಿ ಬರೆದ. ಕಡಲೆಕಾಯಿ ಪರಿಷೆಯ ಸೋಮವಾರ ಎಂದು ಬರೆದ. ಅಂದು ಬುಲ್ ಟೆಂಪಲ್ ರಸ್ತೆ ಮುಚ್ಚಿದ್ದರಿಂದ ಬಣ್ಣಕ್ಕೆ ಬೆರೆಸುವ ತಿನ್ನರ್ ತರಲು ಸುತ್ತಿಕೊಂಡು ಹೋಗಿದ್ದು ಚೆನ್ನಾಗಿ ನೆನಪಿತ್ತು. ಬೆಳಿಗ್ಗೆ ಒಂಬತ್ತೂವರೆಗೆ ಗಾಡಿ ಬಂತು. ಬಣ್ಣ ನೀಲಿ. ಮುಂದಿನ ಎಡ ಮಡ್‌ಗಾರ್ಡು ಒಳಕ್ಕೆ ಕುಸಿದಿತ್ತು. ಗೇಟಿಗೆ ತಗುಲಿತೆಂದು ಮಾಲೀಕರು ಹೇಳಿದರು. ಮಾಲೀಕರ ಹೆಸರು. ಸಂಜೆ ಐದೂವರೆಗೆ ಬಿಳಿ ಬಣ್ಣದಲ್ಲಿ ಕೊಟ್ಟೆ. ಎಂಟು ಗಂಟೆ ಎಂದು ಬರೆಯುವಾಗ ಮಾತ್ರ ಕೈ ಸ್ವಲ್ಪ ತಡೆಯಿತು. ಆದರೂ ಬರೆದ. ಸಹಿ ಹಾಕಿದ.

ಗಿರಿಜಾಂಬಾ ಎರಡು ಸಲ ಓದಿದರು. ಮಡಿಸಿ, ಚೀಲದೊಳಗಿಟ್ಟು, ಚೀಲವನ್ನು ಎದೆಗೊತ್ತಿಕೊಂಡು ಹೊರಟರು.

"ತಾಯಿ, ಗಾಡಿ?"

"ನೀವೇ ಇಟ್ಕೊಳ್ಳಿ."

"ಅಯ್ಯೋ, ಇಷ್ಟ್ ವರ್ಷ ಹುಡುಕಿದ್ ಗಾಡಿ! ಒಂದ್ ರೌಂಡಾದ್ರೂ ಹೋಗ್ಬನ್ನಿ. ನನ್ನ ಕೈಕೆಲಸ ಹೇಗಿತ್ತು ಅಂತಾನೂ ಹೇಳ್ಲಿಲ್ವಲ್ಲ!"

ಬಾಗಿಲಲ್ಲಿ ಗಿರಿಜಾಂಬಾ ತಿರುಗಿದರು.

"ನನ್ನ ಕೈ ಹಿಡ್ಕೊಂಡು ಸ್ಕೂಲಿಗೆ ಬರ್ತಿದ್ದ ನನ್ನ ಮಗು ಗಗನಾನ ಕೊಂದಿದ್ದು ನೀಲಿ ಗಾಡಿ ಅಂತ ಆ ಸೋಮವಾರದಿಂದ ನಾನೊಬ್ಳೇ ಹೇಳ್ತಾ ಇದೀನಿ, ಸಂಜೆ ಆ ಮಾಲೀಕ ಠಾಣೇಲಿ ತೋರ್ಸಿದ್ದು ಬಿಳಿ ಗಾಡಿ, ರೇವಣಸಿದ್ದಯ್ಯನವ್ರೆ."