ಎದೆಯ ಮೇಲಿನ ಕೈ

“ಕೈ! ಉಸ್ತಾದ್, ಚೆಂಡು ಕೈಗಿ ಬಡೀತು!” ವೀರಶೆಟ್ಟಿ ಎಲ್ಲರಿಗಿಂತ ಮೊದಲು ಕೂಗಿದ. ಬೀದರಿನ ಸಾಲೆಯ ಫುಟ್‌ಬಾಲ್ ಟೀಮಿನಲ್ಲಿ ಉಳಿದದ್ದು ಒಂದೇ ಜಾಗ. ಮೊನ್ನೆ ಡಾಬಕಾ ಹಳ್ಳಿಯಿಂದ ಬಂದ ಹಾವಗೆಪ್ಪ ಎಡಗೈಯನ್ನು ಎದೆಗೊತ್ತಿಕೊಂಡೇ ಓಡಿ ಅವನನ್ನು ಮೂರು ಸಲ ದಾಟಿಹೋಗಿದ್ದ. ಒಂದು ಕೈ ಕಟ್ಟಿಹಾಕಿದಂತೆ ಆಡುವವನಿಗೆ ಸೋಲುವುದೆಂದರೆ ವೀರಶೆಟ್ಟಿಯ ಹೊಟ್ಟೆ ಉರಿದುಹೋಗುತ್ತಿತ್ತು.

ಆಟ ಕಲಿಸುವ, ಕೆಂಪು ರೂಮಿ ಟೋಪಿಯ ಉಸ್ತಾದರು ಸೀಟಿ ಊದಿದರು. “ಎದಿ ಮ್ಯಾಲ ಏನು ಹಿಡಕೊಂಡೀ, ಬೇಟಾ?”

“ಕೊರಳಾಗಿನ ಲಿಂಗದ ಕರಡಿಗಿ ರೀ. ಚೆಂಡು ಬಡದೀತಂತ.”

“ಬಿಚ್ಚಿಟ್ಟು ಆಡು. ಇಲ್ಲಂದ್ರ ಜಾಗಾ ವೀರಶೆಟ್ಟಿಗಿ.”

ಹಾವಗೆಪ್ಪ ಚೆಂಡನ್ನು ಉಸ್ತಾದರತ್ತ ಉರುಳಿಸಿದ. “ಹಂಗಾರ ಅವರಿಗೇ ಕೊಡ್ರಿ” ಎಂದು ಅಂಗಿಯ ಧೂಳು ಕೊಡವಿಕೊಂಡ.

ಹೋಗುವಾಗ ಗೆದ್ದವನ ಎದುರಿಗೆ ನಿಂತ. ಮುಖದಲ್ಲಿ ಮುನಿಸಿರಲಿಲ್ಲ. “ಅಣ್ಣಾ, ನೀವೂ ಲಿಂಗಾಯತರೇ ಅಂತಲ್ಲ? ಎರಡೂ ಕೈ ಬೀಸಿ ಓಡ್ತೀರಿ. ಕರಡಿಗಿ ಹ್ಯಾಂಗ ಕಟ್ಕೋತೀರಿ? ನನಗೂ ಒಮ್ಮೆ ತೋರಸ್ರಿ.”

ಆಟಕ್ಕೆ ಅಡ್ಡಿಯೆಂದು ವೀರಶೆಟ್ಟಿ ತನ್ನದನ್ನು ದಿನಾ ಅವ್ವನ ಕಣ್ಣು ತಪ್ಪಿಸಿ ಮನೆಯ ಗೋಡೆಯ ಮಾಡದಲ್ಲಿ ಬಿಚ್ಚಿಟ್ಟು ಬರುತ್ತಿದ್ದ. ಜಾಗ ಸಿಕ್ಕಿತ್ತು, ಹೊಟ್ಟೆಯ ಉರಿ ಮಾತ್ರ ಇನ್ನೂ ಹೆಚ್ಚಾಯಿತು. ಬರಿ ಎದೆ ಕಾಣದಂತೆ ಅವಸರದಿಂದ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ.

“ನಾಳಿ ತೋರಸ್ತೇನಿ” ಎಂದ.