ಓರೆ ಬೆಳಕು

"ಎದುರಿಗೆ ನಿಂತು ಬ್ಯಾಟರಿ ಬಿಡವಾ ಫಿರ್ದೋಸ, ಕಲ್ಲು ಚಂದಾಗಿ ಕಾಣಲಿ," ಎಂದಳು ಸಾವಂತ್ರೆವ್ವ.

"ಹಂಗ ಬಿಟ್ರ ಎಲ್ಲಾ ಸಪಾಟ ಕಾಣ್ತೈತಿ ಅಜ್ಜಿ. ಬಾಜೂಕಿಂದ ಬಿಟ್ರ ನೆರಳು ಬೀಳ್ತೈತಿ. ಫೋಟೊದಾಗ ಆ ನೆರಳ ಚಂದ."

ನೆರೆಮನೆಯ ಅಮೀರಬಿಯ ಮಗಳು ಫಿರ್ದೋಸ ಕಾಲೇಜಿನ ಸ್ಪರ್ಧೆಗೆಂದು ಗೋವೆಯ ಪರ್ವರಿಯ ಗುಡ್ಡದ ಕಲ್ಲುಗಳ ಫೋಟೊ ತೆಗೆಯಲು ಬಂದಿದ್ದಳು. ಕತ್ತಲಾದ ಮೇಲೆಯೇ ತೆಗೆಯಬೇಕಂತೆ. ಬೆಳಗಾದರೆ ಗುಡ್ಡ ಸಮ ಮಾಡಲು ಜೆಸಿಬಿ ಬರುವುದಿತ್ತು.

ಸಾವಂತ್ರೆವ್ವ ಜೊತೆಗೆ ಬಂದದ್ದೂ ಅದಕ್ಕೇ. ಗೋವೆಗೆ ಬಂದ ಹೊಸತರಲ್ಲಿ, ಸೋಮವಾರ ಕೈಮುಗಿಯಲು ನಮ್ಮ ದೇವರೇ ಇಲ್ಲವೆಂದು ಅವಳು ಅತ್ತಾಗ, ಚಿರೆಕಲ್ಲು ಕಡಿಯುತ್ತಿದ್ದ ಗಂಡ ಕಂಠೆಪ್ಪ ಇಲ್ಲಿಯ ಒಂದು ಕಲ್ಲಿನ ಮೇಲೆ ಅಂಗೈಯಗಲದ ಲಿಂಗ ಕೆತ್ತಿಕೊಟ್ಟಿದ್ದ. ಆಮೇಲೆ ಕೆಲಸ ಅವರನ್ನು ದೂರದ ಉಸಗಾಂವಕ್ಕೆ ಎಳೆದೊಯ್ದಿತು. ಈಗ ಮಗನ ಮನೆಗೆಂದು ಅವಳು ಮರಳಿ ಬರುವಷ್ಟರಲ್ಲಿ ಆ ಗೀರುಗಳನ್ನು ಮಳೆ ತಿಂದಿತ್ತು. ಯಾವ ಕಲ್ಲೆಂದು ಕೇಳೋಣವೆಂದರೆ ಕಂಠೆಪ್ಪ ಹೋದ ವರ್ಷವೇ ಶಿವನ ಪಾದ ಸೇರಿದ್ದ. ಆ ಕಲ್ಲನ್ನು ಮನೆಗೆ ಒಯ್ಯಲು ನಸುಕಿಗೆ ಮಗ ಭೀಮಶಿ ಟೆಂಪೊ ತರುವವನಿದ್ದ. ಅದರಲ್ಲಿ ಹಿಡಿಸುವುದು ಒಂದೇ ಕಲ್ಲು. ಹಗಲೆಲ್ಲ ತಡವಿ ನೋಡಿದ್ದಳು. ಚಿರೆಕಲ್ಲಿಗೆ ಮೈಯೆಲ್ಲ ತೂತು. ಕೊನೆಗೆ ಎತ್ತರದ ಒಂದು ಕಲ್ಲಿಗೆ ವಿಭೂತಿ ಬಳಿದು, ಇದೇ ಇರಬೇಕೆಂದು ಮನಸ್ಸನ್ನು ಒಪ್ಪಿಸಿಕೊಂಡಿದ್ದಳು.

"ಅಜ್ಜಿ, ಒಂಚೂರು ಏಳ್ರಿ. ನೀವು ಕುಂತ ಕಲ್ಲಿಂದೂ ಒಂದು ತೆಗೀತೀನಿ."

ಫಿರ್ದೋಸ ಬ್ಯಾಟರಿಯನ್ನು ನೆಲಕ್ಕೆ ತಾಗಿಸಿ ಓರೆಯಾಗಿ ಹಿಡಿದಳು. ಬೆಳಕು ಕಲ್ಲಿನ ಮೈ ಸವರಿಕೊಂಡು ಹೋಯಿತು. ತೂತುಗಳ ನಡುವೆ ತೆಳ್ಳಗೆ ಒಂದು ದುಂಡು ಗೆರೆ ಎದ್ದಿತು. ಅದರ ಕೆಳಗೆ ಪೀಠ, ಹಣೆಯ ಮೇಲೆ ಮೂರು ಪಟ್ಟಿ.

"ಇದೇನ್ರಿ ಅಜ್ಜಿ?"

ಸಾವಂತ್ರೆವ್ವ ಮಂಡಿಯೂರಿದಳು. ಬೆರಳು ಗೆರೆಯ ಗುಂಟ ಹೋಗಿ ಒಂದು ಕಡೆ ನಿಂತಿತು. "ಎಡಕ್ಕ ಸೊಟ್ಟ ಐತಿ ನೋಡು. ಅವರ ಕೈನ ಇದು. ದೇವರ್ನ ಹಿಂಗ ಸೊಟ್ಟ ಮಾಡ್ತಾರೇನ್ರಿ ಅಂತ ಆವತ್ತ ಜಗಳ ತಗದಿದ್ದೆ." ಕಣ್ಣೊರೆಸಿಕೊಳ್ಳುತ್ತಲೇ ನಗು ಬಂತು. "ಅಯ್ಯ ಶಿವನ! ಪೂಜಿ ಅದಕ್ಕ ಮಾಡಿ, ಇವನ ಮ್ಯಾಲ ಕುಂತಿದ್ನಲ್ಲವಾ!"

"ತೊಡಿ ಮ್ಯಾಲ ಕುಂದ್ರಿಸಿಕೊಂಡಾನ, ಬಿಡ್ರಿ."

ಸಾವಂತ್ರೆವ್ವ ಸೆರಗಿನ ಗಂಟು ಬಿಚ್ಚಿ ನೈವೇದ್ಯದ ಸಕ್ಕರೆ ತೆಗೆದಳು. ಫಿರ್ದೋಸ ದಾರಿ ಬಿಟ್ಟು ಸರಿದಳು. ಮುದುಕಿ ಅವಳ ಕೈ ಹಿಡಿದೆಳೆದು ಸಕ್ಕರೆಯನ್ನು ಅಂಗೈಗೆ ಸುರಿದಳು.

"ಮೊದಲ ದೇವರಿಗ್ರಿ ಅಜ್ಜಿ!"

"ತಿನ್ನವಾ, ಅವನ್ನ ತೋರಿಸಿದಾಕಿ ನೀನು. ಇಷ್ಟು ವರ್ಷ ಕಾದಾನ, ಇನ್ನೊಂದೀಟ ಕಾಯ್ತಾನ."