ನಲವತ್ತಮೂರನೆಯ ತಲೆ

ನಲವತ್ತೆರಡನೆಯವನ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಮಂಟೇಸ್ವಾಮಿಯವರ ಬೆನ್ನು ಬೆವೆತುಹೋಗಿತ್ತು. ಫೋಟೋದಲ್ಲಿ ಇನ್ನು ಉಳಿದಿದ್ದವನು ಒಬ್ಬನೇ, ಆ ಒಬ್ಬ ತಾನೇ.

ಕವಲಂದೆಯ ಅವರ ಮನೆ ಜಗಲಿಯ ಮೇಲೆ ಕುಳಿತು ಬರೆದುಕೊಳ್ಳುತ್ತಿದ್ದ ಪಲ್ಲವಿ, ವಿಶ್ವವಿದ್ಯಾಲಯದ ಪತ್ರಾಗಾರದವಳು. ಹಳೆಯ ವಿದ್ಯಾರ್ಥಿಗಳ ಮನೆ ಹುಡುಕಿಕೊಂಡು ಹೋಗಿ, ಅವರ ನೆನಪು ಕೆದಕಿ, ಕ್ಯಾಂಪಸ್ಸಿನ ಚರಿತ್ರೆ ಜೋಡಿಸುವುದು ಅವಳ ಕೆಲಸ. ಬೆಳಿಗ್ಗೆಯ ರೈಲಿಗೆ ಬಂದಿಳಿದಿದ್ದಳು. ಅವಳ ತೊಡೆಯ ಮೇಲಿದ್ದದ್ದು ೧೯೭೮ರ ಹಾಸ್ಟೆಲ್ ಡೇ ಫೋಟೋ.

"ಯಾರ ಮನೆಗೆ ಹೋದ್ರೂ ಕವಲಂದೆ ಮಂಟೇಸ್ವಾಮೀನ ಕೇಳಿ ಅಂತಾರೆ ಸರ್. ಹೆಸರು, ರೂಮ್ ನಂಬರು, ಯಾರು ಯಾವ ವಾರ ಊರಿಗೆ ಹೋಗ್ತಿದ್ರು ಅನ್ನೋದೂ ನೆನಪಿದೆಯಲ್ಲ ನಿಮಗೆ! ಅದು ಹೇಗೆ?"

ಮಂಟೇಸ್ವಾಮಿ ನಕ್ಕರು. ಒಳಗಿನಿಂದ ಕಾಫಿ ತಂದ ಹೆಂಡತಿ ಗೋವಿಂದಮ್ಮನಿಗೆ ಹೆಮ್ಮೆಯೋ ಹೆಮ್ಮೆ. "ನಮ್ಮೋರು ಬಿ.ಎ. ಕಣವ್ವ. ಕೊನೇ ಪರೀಕ್ಸೇಲಿ ಪೇಲಾಗ್ಬುಟ್ರು ಅಷ್ಟೆ. ಅದೇನ್ ಗಾಚಾರವೋ ಕಾಣೆ."

ಊರಿಗೆಲ್ಲ ಗೊತ್ತಿದ್ದ ಸಂಗತಿಯೇ ಅದು. ಬಿ.ಎ. ಫೇಲ್ ಮಂಟೇಸ್ವಾಮಿ ಎಂದರೆ ಕವಲಂದೆಯಲ್ಲಿ ಸಾಮಾನ್ಯ ಮನುಷ್ಯನೇ? ಆ ಕಾಲಕ್ಕೆ ಫೇಲಾಗಬೇಕಾದರೂ ಪರೀಕ್ಷೆಯ ತನಕ ಹೋಗಿರಬೇಕಲ್ಲ! ಪಹಣಿ ತಿದ್ದುಪಡಿಗೋ ವಿಧವಾ ವೇತನಕ್ಕೋ ಅರ್ಜಿ ಬರೆಯಬೇಕೆಂದರೆ ಜನ ಬರುತ್ತಿದ್ದದ್ದು ಇದೇ ಜಗಲಿಗೆ. ನಲವತ್ತೈದು ವರ್ಷ ಆ ಒಂದು ಫೇಲಿನ ಮೇಲೆ ಅವರು ಮರ್ಯಾದೆಯಿಂದ ಬಾಳಿದ್ದರು.

"ಈಗ ಇವರೊಬ್ಬರು ಸರ್," ಪಲ್ಲವಿ ಫೋಟೋದ ಅಂಚಿಗೆ ಬೆರಳಿಟ್ಟಳು. "ಹಾಸ್ಟೆಲ್ ರಿಜಿಸ್ಟರಲ್ಲಿ ನಲವತ್ತೆರಡೇ ಹೆಸರು. ಇಲ್ಲಿ ನೋಡಿದ್ರೆ ನಲವತ್ತಮೂರು ತಲೆ. ಕಂಬದ ಪಕ್ಕ ಅರ್ಧ ಮುಖ ತಿರುಗಿಸಿಕೊಂಡು ನಿಂತಿದಾರಲ್ಲ, ಯಾರು ಇವರು?"

"ಅವನಾ... ಅಡುಗೆ ಭಟ್ಟರ ಕಡೆ ಹುಡುಗ ಯಾರೋ ಇರಬೇಕು ಕಣವ್ವ. ಹೆಸರು ಗೊತ್ತಿಲ್ಲ."

ಪಲ್ಲವಿ ತಲೆಯಾಡಿಸಿ ಬರೆಯತೊಡಗಿದಳು. ಎದುರಿಗೆ ಕುಳಿತೇ ಮಂಟೇಸ್ವಾಮಿ ಆ ತಲೆಕೆಳಗಾದ ಅಕ್ಷರಗಳನ್ನು ಓದಿದರು: ಅಡುಗೆಮನೆಯ ಸಹಾಯಕ, ಹೆಸರು ತಿಳಿದಿಲ್ಲ. ಉಳಿದವರ ಹೆಸರೆಲ್ಲ ನೆನೆದು ನೆನೆದು ಬರೆಸಿ, ಆ ಬಡಪಾಯಿ ಒಬ್ಬನನ್ನು ಕೈಯಾರೆ ಅಳಿಸಿಹಾಕುತ್ತಿದ್ದೇನಲ್ಲ ಎನ್ನಿಸಿ ಸಂಕಟವಾಯಿತು. ಮೂರು ವರ್ಷ ಹೆದರಿ ಹೆದರಿ ಅನ್ನ ಉಂಡವನು ಇವತ್ತಿಗೂ ಹೆದರಿಕೊಂಡೇ ನಿಂತಿರಬೇಕೇ? ಆದರೆ ಬಾಗಿಲಲ್ಲಿ ಗೋವಿಂದಮ್ಮ ಕುಳಿತಿದ್ದಾಳೆ. ಬಾಯಿಬಿಟ್ಟರೆ ನಲವತ್ತೈದು ವರ್ಷದ ಮರ್ಯಾದೆ ಅವಳ ಕಣ್ಣೆದುರೇ ಮಣ್ಣುಪಾಲು.

"ತಡಿಯವ್ವ, ಹೊಡೆದ್ಹಾಕು ಅದನ್ನ," ಎಂದರು ಕೊನೆಗೆ. "ಅವನು ಅಡುಗೆಯವನಲ್ಲ. ನಾನೇ ಅವನು."

"ನೀವು? ಹೊರಗಡೆ ರೂಮ್ ಮಾಡ್ಕೊಂಡಿದ್ರಿ ಅಂದ್ಕೊಂಡಿದ್ದೆ. ರಿಜಿಸ್ಟರಲ್ಲಿ ನಿಮ್ಮ ಹೆಸರು..."

"ಎಲ್ಲಿರುತ್ತೆ? ನಂಗೆ ಬಿ.ಎ. ಸೀಟೇ ಸಿಕ್ಕಿರಲಿಲ್ಲ. ಅರ್ಧ ಊರೇ ಸ್ಟೇಷನ್‌ಗೆ ಬಂದು ರೈಲು ಹತ್ತಿಸಿತ್ತು, ಲಿಸ್ಟಲ್ಲಿ ಹೆಸರಿಲ್ಲ ಅಂತ ಯಾವ ಮುಖ ಹೊತ್ಕೊಂಡು ವಾಪಸ್ ಬರ್ಲಿ? ಬಿಳಿಗೆರೆ ಚೆಲುವರಾಜು ಅಂತ ಹೇಳಿದ್ನಲ್ಲ, ಅವನ ಚಾಪೇಲಿ ಅರ್ಧ ಜಾಗ ಕೊಟ್ಟ. ಹಗಲು ಕ್ಲಾಸಲ್ಲಿ ಕೊನೇ ಬೆಂಚು. ರಾತ್ರಿ ಊಟಕ್ಕೆ, ಯಾರು ಊರಿಗೆ ಹೋಗಿರ್ತಾರೋ ಅವರ ತಟ್ಟೆ ಮುಂದೆ ಕೂರ್ತಿದ್ದೆ. ಗುಮಾಸ್ತರು ಪುಸ್ತಕದಿಂದ ತಲೆ ಎತ್ತದೆ ಹೆಸರು ಕೂಗೋರು. ಇವತ್ತು ನಾನು ಬನ್ನೂರಿನ ರಂಗನಾಯಕ, ನಾಳೆ ಗಂಗಾಧರಸ್ವಾಮಿ. ಆ ಹೆಸರಿಗೆಲ್ಲ ನಾನೇ 'ಇದೀನಿ ಸಾ' ಅನ್ನಬೇಕು. ಹೆಸರು, ರೂಮು, ಬಸ್ ಹತ್ತೋ ದಿನ, ಒಂದು ತಪ್ಪಿದ್ರೂ ಅವತ್ತು ಉಪವಾಸ. ಮರೀಲಿ ಅಂದ್ರೂ ಮರೆಯೋಕಾಗುತ್ತಾ?"

ಪಲ್ಲವಿಯ ಪೆನ್ನು ನಿಂತಲ್ಲೇ ನಿಂತಿತ್ತು. "ಹಾಗಾದ್ರೆ ಪರೀಕ್ಷೆ ಸರ್?"

"ಹಾಲ್ ಟಿಕೆಟ್ಟೇ ಇಲ್ಲದೋನಿಗೆ ಎಲ್ಲಿ ಪರೀಕ್ಷೆ? ಅವರೆಲ್ಲ ಒಳಗೆ ಬರೀತಿದ್ರು, ನಾನು ಹೊರಗೆ ಮರದ ಕೆಳಗೆ ಅವರ ಚಪ್ಪಲಿ ಕಾಯ್ತಿದ್ದೆ. ಆಮೇಲೆ ಊರಿಗೆ ಬಂದು ಫೇಲಾದೆ ಅಂದ್ಬಿಟ್ಟೆ."

ಹೇಳಿದ್ದಾಯಿತು. ಎದೆ ಹಗುರಾಯಿತೇನೋ ನಿಜ, ಆದರೆ ಬಾಗಿಲ ಕಡೆ ತಿರುಗುವ ಧೈರ್ಯ ಮಾತ್ರ ಬರಲಿಲ್ಲ. ಪಲ್ಲವಿ ಮೊದಲು ಬರೆದದ್ದನ್ನು ಹೊಡೆದುಹಾಕಿ, ನಲವತ್ತಮೂರರ ಮುಂದೆ ಮಂಟೇಸ್ವಾಮಿ, ಕವಲಂದೆ ಎಂದು ದುಂಡಗೆ ಬರೆದಳು. ಅದನ್ನು ನೋಡಿ ಅವರ ಕಣ್ಣು ತುಂಬಿತು.

ಬಾಗಿಲಲ್ಲಿ ಕುಳಿತಿದ್ದ ಗೋವಿಂದಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬಿ.ಎ. ಎಂದು ಊರಲ್ಲಿ ಬೀಗುತ್ತಿದ್ದವಳೇ, ಟಿ. ನರಸೀಪುರದ ತವರಿಗೆ ಹೋದಾಗಲೆಲ್ಲ ಫೇಲಾದವನ ಹೆಂಡತಿ ಎಂಬ ಚುಚ್ಚುಮಾತು ಕೇಳಿಸಿಕೊಂಡು ಬರುತ್ತಿದ್ದಳು. ಅವಳಕ್ಕನ ಗಂಡ ಪಾಸಾದ ಮೇಷ್ಟ್ರು. ಹಬ್ಬಕ್ಕೆ ಹೋಗಿ ಎಲೆಯ ಮುಂದೆ ಕುಳಿತರೂ ಅವನದು ಅದೇ ಮಾತು. ಇದೊಂದನ್ನೂ ಅವಳು ಗಂಡನ ಕಿವಿಗೆ ಹಾಕಿರಲಿಲ್ಲ.

ಅವಳು ಮೆಲ್ಲಗೆ ಎದ್ದು ಬಂದು ಪಲ್ಲವಿಯ ಪಕ್ಕ ಕುಳಿತಳು. ಆ ಹಾಳೆಯ ಮೇಲೆ, ಓದು ಬಾರದ್ದರಿಂದ ಗಂಡನ ಹೆಸರು ಎಲ್ಲಿದೆಯೆಂದು ಕೇಳಿ ತಿಳಿದು, ಅದರ ಮುಂದೆ ಬೆರಳಿಟ್ಟಳು.

"ಇಲ್ಲೇ ಬರ್ಕೊ ಕಣವ್ವ," ಎಂದಳು. "ಪೇಲಾಗಿಲ್ಲ ಅಂತ."